ನೀಲಿ ಬಟ್ಟೆಯೂ ನಮ್ಮ ವಿವೇಚನೆಯೂ

ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ, ಈ ಶಾಲೆಯಲ್ಲಿ ಓದಿ, ಬಳಿಕ ಹಲವು ವರ್ಷ ಇಲ್ಲಿಯೇ ಹೊಲಿಗೆಯನ್ನು ಕಲಿಸಿದವಳಾದ ನಾನು ಬಟ್ಟೆಯ ವಿಷಯವನ್ನಲ್ಲದೆ ಮತ್ತೇನನ್ನು ಬರೆಯಬಲ್ಲೆನು? ಅದರಲ್ಲಿಯೂ ಕಳೆದ ಕ್ರಿಸ್ಮಸ್ ರಜೆಯಲ್ಲಿ ನಮ್ಮ ಮನೆಯಲ್ಲಿಯೇ ನಡೆದ ಒಂದು ವಾಗ್ವಾದವು ಈ ಬರಹಕ್ಕೆ ಕಾರಣವಾಯಿತು.

ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಎರಡು ಮೊಣಕಾಲುಗಳ ಬಳಿಯೂ ಹರಿದಿದ್ದ ಜೀನ್ಸ್ ಷರಾಯಿಯನ್ನು ತೊಟ್ಟುಕೊಂಡು ಬಂದಿಳಿದಳು. ಅವಳ ತಾಯಿಗೆ ಕೋಪ ಬಂದಿತು. “ಇದು ನಮ್ಮ ದೇಶದ ಉಡುಪೂ ಅಲ್ಲ, ಹೆಣ್ಣುಮಕ್ಕಳಿಗೆ ಒಪ್ಪುವುದೂ ಇಲ್ಲ” ಎಂದು ಅವಳ ವಾದ. “ಅಮ್ಮಾ, ಇದು ಸವೆದು ಹರಿದದ್ದಲ್ಲ, ಹೀಗೆಯೇ ಮಾಡಿ ಮಾರುತ್ತಾರೆ, ಹರಿಯದ್ದಕ್ಕಿಂತ ಇದಕ್ಕೇ ಬೆಲೆ ಹೆಚ್ಚು” ಎಂದು ಮಗಳ ಪ್ರತಿವಾದ. ಕಡೆಗೆ ಇಬ್ಬರೂ ನನ್ನ ಕಡೆಗೆ ತಿರುಗಿ ತೀರ್ಪನ್ನು ಕೇಳಿದರು. ಆ ಹೊತ್ತಿಗೆ ಊಟಕ್ಕೆ ಏಳಿರೆಂದು ಹೇಳಿ ತಪ್ಪಿಸಿಕೊಂಡೆನು. ಆದರೆ ಯೋಚಿಸಿ ನೋಡಿದಷ್ಟೂ ಇಬ್ಬರ ಮಾತಿನಲ್ಲಿಯೂ ತಪ್ಪಿದೆಯೆಂದು ನನಗೆ ತೋರಿತು. ತಾಯಿಯು ಯಾವುದನ್ನು ಪರದೇಶದ್ದೆಂದು ದೂಷಿಸಿದಳೋ ಅದರಲ್ಲಿ ನಮ್ಮ ಪಾಲು ಬಹಳವಾಗಿದೆ. ಮಗಳು ಯಾವುದನ್ನು ಹೆಚ್ಚು ಬೆಲೆಯದೆಂದು ಹೊಗಳಿದಳೋ ಅದರ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದಾರೆ. ಈ ಎರಡು ಮಾತುಗಳನ್ನು ಸ್ವಲ್ಪ ವಿಸ್ತರಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ತಾಯಿಯ ಮಾತನ್ನು ವಿಚಾರಿಸೋಣ. ಜೀನ್ಸ್ ಬಟ್ಟೆಗೆ ಡೆನಿಮ್ ಎಂದು ಹೆಸರು. ಆ ಹೆಸರು ಫ್ರಾನ್ಸಿನ ನೀಮ್ ಪಟ್ಟಣದಿಂದ ಬಂದಿತೆಂದೂ, ಜೀನ್ಸ್ ಎಂಬ ಹೆಸರು ಇಟಲಿಯ ಜಿನೋವಾ ಪಟ್ಟಣದಿಂದ ಬಂದಿತೆಂದೂ ಸಾಮಾನ್ಯವಾಗಿ ಹೇಳುವರು. ಆದರೆ ಅವುಗಳ ನೆಂಟನಾದ ಇನ್ನೊಂದು ಒರಟು ಬಟ್ಟೆಗೆ ಇಂಗ್ಲಿಷಿನಲ್ಲಿ ಡಂಗರಿ ಎನ್ನುತ್ತಾರೆ. ಆ ಹೆಸರು ಮುಂಬಯಿಯ ಡೋಂಗ್ರಿಯದು. ಅಲ್ಲಿ ಮಾರಾಟವಾಗುತ್ತಿದ್ದ ದಪ್ಪ ಹತ್ತಿಯ ಬಟ್ಟೆಯನ್ನು ಕೊಂಡೊಯ್ದವರು ಅದರ ಹೆಸರನ್ನೂ ಕೊಂಡೊಯ್ದರು. ಇನ್ನು ಬಣ್ಣದ ವಿಷಯವನ್ನು ಕೇಳಬೇಕಾದುದೇ ಇಲ್ಲ. ಗ್ರೀಕರು ಈ ನೀಲಿಯನ್ನು ‘ಇಂಡಿಕಾನ್’, ಅಂದರೆ ಭಾರತದ ವಸ್ತು, ಎಂದು ಕರೆದರು. ಅದೇ ಇಂಗ್ಲಿಷಿನ ಇಂಡಿಗೊ ಆಯಿತು. ಸಂಸ್ಕೃತದ ‘ನೀಲ’ ಶಬ್ದವು ಅರಬರ ಬಾಯಲ್ಲಿ ‘ಅನ್-ನೀಲ್’ ಆಗಿ, ಪೋರ್ತುಗೀಸರ ಬಾಯಲ್ಲಿ ‘ಅನಿಲ್’ ಆಗಿ, ಕಡೆಗೆ ರಸಾಯನಶಾಸ್ತ್ರದಲ್ಲಿ ‘ಅನಿಲಿನ್’ ಎಂಬ ಪದಾರ್ಥದ ಹೆಸರಾಗಿ ನಿಂತಿದೆ. ಹೀಗಿರಲಾಗಿ ನೀಲಿ ಬಟ್ಟೆಯು ಪರದೇಶದ್ದೆಂದು ಹೇಗೆ ಹೇಳುವುದು? ಹಾಗೆಂದು ಅದು ನಮ್ಮೊಬ್ಬರದೇ ಎಂದು ಬೀಗಲೂ ಬಾರದು. ದಕ್ಷಿಣ ಅಮೆರಿಕದ ಪೆರು ದೇಶದ ವಾಕಾ ಪ್ರಿಯೆಟಾ ಎಂಬಲ್ಲಿ ಸುಮಾರು 6,000 ವರ್ಷಗಳಷ್ಟು ಹಳೆಯ ನೀಲಿಬಣ್ಣದ ಹತ್ತಿಬಟ್ಟೆಯ ತುಂಡುಗಳು ಸಿಕ್ಕಿರುವುದಾಗಿ 2016ರಲ್ಲಿ ವಿದ್ವಾಂಸರು ಪ್ರಕಟಿಸಿದ್ದಾರೆ.

ನೀಲಿಯನ್ನು ಬಟ್ಟೆಗೆ ಹತ್ತಿಸುವುದು ಸುಲಭದ ಕೆಲಸವಲ್ಲ. ಅರಿಶಿನದಂತೆ ಅದು ನೀರಿನಲ್ಲಿ ಕಲಸಿ ಅದ್ದಿದರೆ ಹತ್ತುವ ಬಣ್ಣವಲ್ಲ. ಮಂಜಿಷ್ಠದ ಕೆಂಪಿನಂತೆ ಪಟಿಕದ ಸಹಾಯದಿಂದ ನೂಲಿಗೆ ಅಂಟುವುದೂ ಅಲ್ಲ. ನೀಲಿಗಿಡದ ಹಸಿರು ಎಲೆಗಳಲ್ಲಿ ನೀಲಿಯು ಕಣ್ಣಿಗೆ ಕಾಣುವುದಿಲ್ಲ. ಗಿಡವನ್ನು ತೊಟ್ಟಿಯ ನೀರಿನಲ್ಲಿ ನೆನೆಯಿಟ್ಟು ಹುಳಿಯಿಸಿ, ಆ ನೀರನ್ನು ಇನ್ನೊಂದು ತೊಟ್ಟಿಗೆ ಬಿಟ್ಟು, ಅದರಲ್ಲಿ ಆಳುಗಳು ಸೊಂಟದವರೆಗೆ ಇಳಿದು ನಿಂತು ಕೋಲುಗಳಿಂದ ಬಡಿದು ಬಡಿದು ಗಾಳಿಯನ್ನು ಸೇರಿಸಿದಾಗ ನೀಲಿಯು ತಳದಲ್ಲಿ ಕೂಡುವುದು. ಅದನ್ನು ಕುದಿಸಿ, ಒತ್ತಿ, ಬಿಲ್ಲೆಗಳಾಗಿ ಕೊಯ್ದು ಒಣಗಿಸುವರು. ಈ ಬಿಲ್ಲೆಯು ನೀರಿನಲ್ಲಿ ಕರಗದು. ಆದಕಾರಣ ಬಣ್ಣ ಹಾಕುವವನು ಸುಣ್ಣವೇ ಮೊದಲಾದ ಕ್ಷಾರವನ್ನು ಕೂಡಿಸಿ ಅದನ್ನು ಮತ್ತೊಮ್ಮೆ ಹುಳಿಯಿಸಿ ಕರಗಿಸಬೇಕು. ಆ ಹಂಡೆಯಿಂದ ಮೇಲೆತ್ತಿದ ಬಟ್ಟೆಯು ಮೊದಲು ಹಳದಿಮಿಶ್ರಿತ ಹಸಿರಾಗಿದ್ದು, ಗಾಳಿ ತಾಗಿದೊಡನೆ ನೋಡುನೋಡುತ್ತಿರುವಂತೆಯೇ ನೀಲಿಯಾಗುವುದು. ನಮ್ಮ ಕನ್ನಡ ನಾಡಿನಲ್ಲಿ ಈ ವಿದ್ಯೆಯನ್ನು ಬಲ್ಲವರಿಗೆ ನೀಲಗಾರರೆಂದೇ ಹೆಸರಿತ್ತು.

ಬಣ್ಣಕ್ಕೂ ಮಾನಕ್ಕೂ ಮನುಷ್ಯರು ಹಿಂದಿನಿಂದಲೂ ಗಂಟುಹಾಕಿದ್ದಾರೆ. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಥುವತೈರದ ಲುದ್ಯಳು ಧೂಮ್ರವರ್ಣದ ವಸ್ತ್ರಗಳನ್ನು ಮಾರುವವಳೆಂಬುದು ನಿಮ್ಮೆಲ್ಲರಿಗೂ ತಿಳಿದಿದೆ. ಆ ಕಾಲದಲ್ಲಿ ಅತ್ಯಂತ ಹೆಸರಾದ ಧೂಮ್ರವರ್ಣವನ್ನು ತೂರ್ ಪಟ್ಟಣದವರು ಸಮುದ್ರದ ಬಸವನಹುಳುಗಳಿಂದ ತೆಗೆಯುತ್ತಿದ್ದರು. ಅದು ರಾಜರ ಬಣ್ಣವಾಗಿತ್ತು. 1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞನು 12,000 ಹುಳುಗಳಿಂದ ಕೇವಲ 1.4 ಗ್ರಾಂ ಬಣ್ಣವನ್ನು ತೆಗೆದು ಪರೀಕ್ಷಿಸಿದನು. ಅದು ಏನೆಂದು ತಿಳಿದುಬಂದಿತು? ನಮ್ಮ ನೀಲಿಯೇ, ಅದರ ಅಣುವಿಗೆ ಎರಡು ಬ್ರೋಮಿನ್ ಪರಮಾಣುಗಳು ಹೆಚ್ಚಾಗಿ ಸೇರಿದ್ದವು, ಅಷ್ಟೇ. ಚಕ್ರವರ್ತಿಯ ನಿಲುವಂಗಿಗೂ ಕೂಲಿಕಾರನ ಷರಾಯಿಗೂ ಇರುವ ಅಂತರ ಇಷ್ಟೇ ಆಗಿರುವಲ್ಲಿ, ಬಟ್ಟೆಯ ಬಣ್ಣದಿಂದ ಮನುಷ್ಯರ ಯೋಗ್ಯತೆಯನ್ನು ಅಳೆಯುವುದು ಎಷ್ಟು ಹುಡುಗಾಟದ ಮಾತು!

ಆದರೆ ಬಣ್ಣದ ಹಿಂದೆ ಇರುವ ಕೈಗಳನ್ನು ಮಾತ್ರ ನಾವು ಮರೆಯಬಾರದು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1739ರ ಸುಮಾರಿಗೆ ಎಲೈಜಾ ಲೂಕಸ್ ಎಂಬ ಹುಡುಗಿಯು, ನಮ್ಮ ಹೈಸ್ಕೂಲಿನ ಮೇಲಿನ ತರಗತಿಯ ಮಕ್ಕಳ ವಯಸ್ಸಿನಲ್ಲಿಯೇ, ತಂದೆಯ ತೋಟಗಳನ್ನು ನೋಡಿಕೊಳ್ಳುವ ಭಾರವನ್ನು ಹೊತ್ತಳು. ಹಲವು ವರ್ಷಗಳ ಪ್ರಯೋಗದ ತರುವಾಯ 1744ರಲ್ಲಿ ಅಲ್ಲಿ ನೀಲಿಬೆಳೆಯನ್ನು ಸಫಲಗೊಳಿಸಿದಳು. ಆಕೆಯ ಬುದ್ಧಿಯನ್ನು ಚರಿತ್ರಕಾರರು ಹೊಗಳಿದ್ದಾರೆ, ಹೊಗಳತಕ್ಕದ್ದೇ. ಆದರೆ ಆ ತೊಟ್ಟಿಗಳ ದುರ್ಗಂಧದಲ್ಲಿ ನಿಂತು ದುಡಿದವರು ಆಫ್ರಿಕದಿಂದ ತಂದ ದಾಸರು. ಆ ವಿದ್ಯೆಯು ಕೈಗೂಡುವುದರಲ್ಲಿ ಅವರ ಶ್ರಮವಿದ್ದಂತೆ ಅವರ ತಿಳಿವಳಿಕೆಯೂ ಇತ್ತು. ಅವರ ಹೆಸರುಗಳನ್ನು ಯಾರೂ ಹಾಗೆ ಸ್ಮರಿಸಲಿಲ್ಲ.

ನಮ್ಮ ದೇಶದ ಕಥೆಯೂ ಹೆಚ್ಚು ಸಂತೋಷಕರವಾದುದಲ್ಲ. ಬಂಗಾಳದ ರೈತನು ಒಮ್ಮೆ ತೋಟದ ದೊರೆಯಿಂದ ಮುಂಗಡ ಹಣವನ್ನು ತೆಗೆದುಕೊಂಡರೆ ತೀರಿತು. ತನ್ನ ಒಳ್ಳೆಯ ಗದ್ದೆಯಲ್ಲಿ ಭತ್ತಕ್ಕೆ ಬದಲಾಗಿ ನೀಲಿಯನ್ನೇ ಬಿತ್ತಬೇಕು, ಸಿಕ್ಕುವ ಬೆಲೆಯು ಖರ್ಚಿಗೂ ಸಾಲದು, ಸಾಲವು ಮಗನ ತಲೆಗೆ ಬರುವುದು. 1859ರಲ್ಲಿ ರೈತರು ನೀಲಿಯನ್ನು ಬಿತ್ತುವುದಿಲ್ಲವೆಂದು ಎದ್ದು ನಿಂತರು. ಮರುವರ್ಷ ದೀನಬಂಧು ಮಿತ್ರರು ‘ನೀಲದರ್ಪಣ’ವೆಂಬ ನಾಟಕವನ್ನು ಬರೆದರು. ಅದರ ಇಂಗ್ಲಿಷ್ ಭಾಷಾಂತರವನ್ನು ಪ್ರಕಟಿಸಿದವರು ಚರ್ಚ್ ಮಿಶನರಿ ಸಂಘದ ರೆವರೆಂಡ್ ಜೇಮ್ಸ್ ಲಾಂಗ್. ತೋಟದ ದೊರೆಗಳು ಅವರ ಮೇಲೆ ಮೊಕದ್ದಮೆಯನ್ನು ಹೂಡಿದರು. 1861ರಲ್ಲಿ ಕಲ್ಕತ್ತೆಯ ನ್ಯಾಯಾಲಯವು ಅವರಿಗೆ ಒಂದು ತಿಂಗಳ ಸೆರೆವಾಸವನ್ನೂ 1,000 ರೂಪಾಯಿ ದಂಡವನ್ನೂ ವಿಧಿಸಿತು. ಆ ದಂಡವನ್ನು ಕಾಲೀಪ್ರಸನ್ನ ಸಿಂಹ ಎಂಬ ಬಂಗಾಳಿ ಮಹನೀಯರು ತಾವೇ ತೆತ್ತರು. ಸೆರೆಗೆ ಹೋದ ಮಿಶನರಿಯೂ ದಂಡ ತೆತ್ತ ಹಿಂದೂ ಸಾಹಿತಿಯೂ ಒಂದೇ ನ್ಯಾಯಕ್ಕಾಗಿ ನಿಂತುದನ್ನು ನಾವು ಮಕ್ಕಳಿಗೆ ಮರೆಯದೆ ಹೇಳಬೇಕು.

ಇಷ್ಟರಲ್ಲಿ ಯುರೋಪಿನ ಪ್ರಯೋಗಶಾಲೆಗಳಲ್ಲಿ ಬೇರೊಂದು ಕೆಲಸ ನಡೆದಿತ್ತು. 1856ರಲ್ಲಿ 18 ವರ್ಷದ ವಿಲಿಯಮ್ ಪರ್ಕಿನ್ ಎಂಬ ಇಂಗ್ಲಿಷ್ ಹುಡುಗನು ಕಲ್ಲಿದ್ದಲಿನ ಟಾರಿನಿಂದ ಬಂದ ಪದಾರ್ಥದಲ್ಲಿ ಒಂದು ನೇರಳೆ ಬಣ್ಣವನ್ನು ಕಂಡುಹಿಡಿದನು. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಪಂಡಿತನು 1880ರಲ್ಲಿ ನೀಲಿಯನ್ನೇ ಗಿಡವಿಲ್ಲದೆ ತಯಾರಿಸಿ ತೋರಿಸಿದನು. 1905ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂದಿತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿಯು ಪೇಟೆಗೆ ಬಂದಮೇಲೆ ನಮ್ಮ ಗಿಡದ ನೀಲಿಗೆ ಬೆಲೆಯು ಕುಸಿಯಿತು. ರೈತರ ಕಷ್ಟ ತೀರಿತೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಬಿಹಾರದ ಚಂಪಾರಣದಲ್ಲಿ ಪ್ರತಿ 20 ಕಟ್ಠಾ ಭೂಮಿಯಲ್ಲಿ 3 ಕಟ್ಠಾಗಳಷ್ಟು ನೀಲಿಯನ್ನು ಬೆಳೆಯಲೇಬೇಕೆಂಬ ಕಟ್ಟಳೆಯಿತ್ತು. ಆ ಕಟ್ಟಳೆಯಿಂದ ಬಿಡಿಸಬೇಕಾದರೆ ಹೆಚ್ಚು ಗೇಣಿಯನ್ನೋ ಇಡಿಗಂಟು ಹಣವನ್ನೋ ಕೊಡಬೇಕೆಂದು ದೊರೆಗಳು ತಮ್ಮ ನಷ್ಟವನ್ನು ರೈತರ ಬೆನ್ನಿಗೇ ಹೊರಿಸಿದರು. 1917ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋಗಿ ಸಾವಿರಾರು ರೈತರ ಹೇಳಿಕೆಗಳನ್ನು ಬರೆಸಿಕೊಂಡ ಮೇಲೆ, 1918ರ ಶಾಸನದಿಂದ ಆ ಪದ್ಧತಿಯು ರದ್ದಾಯಿತು. ಬಣ್ಣವನ್ನು ತಯಾರಿಸುವ ವಿಧಾನವು ಬದಲಾದ ಮಾತ್ರಕ್ಕೆ ಅನ್ಯಾಯವು ತಾನಾಗಿ ಹೋಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಈಗ ಮೊಮ್ಮಗಳ ಜೀನ್ಸಿಗೆ ಬರೋಣ. ಅದರ ಹುಟ್ಟು ಒಬ್ಬ ಗೃಹಿಣಿಯ ಬೇಸರದಿಂದ ಆಯಿತೆಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ರೀನೋ ಪಟ್ಟಣದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. ಮರ ಕಡಿಯುವ ಕೆಲಸದ ಗಂಡನ ಷರಾಯಿಗಳು ಮೇಲಿಂದ ಮೇಲೆ ಹರಿಯುವುದನ್ನು ಕಂಡು ಬೇಸತ್ತ ಒಬ್ಬ ಹೆಂಗಸು, ಸುಲಭವಾಗಿ ಹರಿಯದ ಷರಾಯಿಯನ್ನು ಹೊಲಿದುಕೊಡೆಂದು ಅವನನ್ನು ಕೇಳಿದಳು. ಅವನು ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ಟುಗಳನ್ನು ಬಡಿದು ಗಟ್ಟಿಮಾಡಿದನು. ಅವನಿಗೆ ಬಟ್ಟೆಯನ್ನು ಒದಗಿಸುತ್ತಿದ್ದ ಸಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ಲೀವೈ ಸ್ಟ್ರಾಸ್ ಆ ಯುಕ್ತಿಯಲ್ಲಿ ಪಾಲುಗಾರನಾಗಿ, 1873ರ ಮೇ 20ರಂದು ಅದಕ್ಕೆ ಪೇಟೆಂಟು ದೊರೆಯಿತು. ಹೆಂಗಸರಿಗೆಂದು ಆ ಕಂಪನಿಯು ಜೀನ್ಸನ್ನು ಹೊರತಂದದ್ದು 1934ರಲ್ಲಿ. ಹೀಗೆ ಜೀನ್ಸ್ ಹುಟ್ಟಿದ್ದು ಹರಿಯದಿರಲೆಂದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಆ ಬಟ್ಟೆಯ ಮಾಸುವ ಗುಣಕ್ಕೂ ಕಾರಣವುಂಟು. ಡೆನಿಮಿನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ. ಹೊಕ್ಕಿನ ನೂಲು ಬಿಳಿ. ಹಾಸಿನ ನೂಲನ್ನು ಪದೇ ಪದೇ ಅದ್ದಿ ಪದೇ ಪದೇ ಗಾಳಿಗೆ ಹಿಡಿಯುವುದರಿಂದ ನೀಲಿಯು ಪದರಪದರವಾಗಿ ನೂಲಿನ ಹೊರಮೈಗೆ ಕೂಡುವುದೇ ಹೊರತು ನಡುವಿನ ಎಳೆಗಳಿಗೆ ಇಳಿಯದು. ಹೀಗಾಗಿ ಎಲ್ಲಿ ಉಜ್ಜುವುದೋ ಅಲ್ಲಿ ಬಿಳುಪು ಕಾಣಿಸಿಕೊಳ್ಳುವುದು. ತೊಟ್ಟವರ ಮೊಣಕಾಲು, ಜೇಬಿನಲ್ಲಿಟ್ಟ ಕೈ, ಕುಳಿತ ಭಂಗಿ, ಎಲ್ಲದರ ಗುರುತೂ ಅದರ ಮೇಲೆ ಮೂಡುವುದು.

ನಮ್ಮ ಕರಾವಳಿಯಲ್ಲಿ ಇದಕ್ಕೆ ವಿರುದ್ಧವಾದ ಗುಣಕ್ಕೆ ಹೆಸರಾದ ಬಟ್ಟೆಯೊಂದಿತ್ತು. 1851ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆಗೆ ಬಂದ ಜಾನ್ ಹಾಲರ್ ಎಂಬವರು ಅಲ್ಲಿ ಮಣ್ಣುಬಣ್ಣದ ಕಾಕಿಯನ್ನು ಸಿದ್ಧಪಡಿಸಿದರೆಂದು ಮಿಶನಿನ ಚರಿತ್ರೆಯಲ್ಲಿ ಹೇಳುತ್ತಾರೆ. ಪೆಶಾವರದ ಕಡೆಯ ದಂಡಿನವರು ಅದಕ್ಕೂ ಮುಂಚೆಯೇ ಕಾಕಿಯನ್ನು ತೊಟ್ಟಿದ್ದರಾದ್ದರಿಂದ ಮೊದಲಿಗರು ಯಾರೆಂಬ ವಾದಕ್ಕೆ ನಾನು ಹೋಗುವುದಿಲ್ಲ. ಬಿಸಿಲಿಗೂ ಒಗೆತಕ್ಕೂ ಬಣ್ಣ ಬಿಡದಿರುವುದೇ ಕಾಕಿಯ ಮಾನ. ತೊಟ್ಟವರ ದುಡಿಮೆಯನ್ನು ತನ್ನ ಮೈಮೇಲೆ ಬರೆದುಕೊಳ್ಳುವುದೇ ಡೆನಿಮಿನ ಮಾನ. ಎರಡೂ ಸತ್ಯವಾದ ಬಟ್ಟೆಗಳು.

ಸುಳ್ಳು ಎಲ್ಲಿಂದ ಆರಂಭವಾಯಿತು? 1950ರ ದಶಕದಲ್ಲಿ ಮಾರ್ಲನ್ ಬ್ರ್ಯಾಂಡೊ, ಜೇಮ್ಸ್ ಡೀನ್ ಮೊದಲಾದ ಚಲಚ್ಚಿತ್ರ ನಟರು ಜೀನ್ಸನ್ನು ತೊಟ್ಟ ಮೇಲೆ ಕೆಲಸದ ಬಟ್ಟೆಯು ತರುಣರ ಷೋಕಿಯ ಬಟ್ಟೆಯಾಯಿತು. ಅದರಲ್ಲಿ ದೊಡ್ಡ ದೋಷವೇನೂ ಇಲ್ಲ. ಆದರೆ ಕಾಲಕ್ರಮದಲ್ಲಿ, ವರ್ಷಗಟ್ಟಲೆ ತೊಟ್ಟಮೇಲೆ ಬರುವ ಮಾಸಲು ಬಣ್ಣವು ಕೊಂಡ ದಿನವೇ ಬೇಕೆಂದು ಜನರು ಬಯಸಿದರು. ಕಾರ್ಖಾನೆಗಳು ಅದನ್ನು ಒದಗಿಸಿದವು. ಹೊಸ ಬಟ್ಟೆಯನ್ನು ಕಲ್ಲುಗಳೊಡನೆ ಯಂತ್ರದಲ್ಲಿ ಹಾಕಿ ತಿರುಗಿಸುವುದು, ಔಷಧಿಗಳನ್ನು ಎರಚಿ ಬಣ್ಣವನ್ನು ಕೀಳುವುದು, ಮರಳನ್ನು ಗಾಳಿಯ ಒತ್ತಡದಿಂದ ಅದರ ಮೇಲೆ ಚಿಮ್ಮಿಸುವುದು, ಹೀಗೆ ನಾನಾ ಉಪಾಯಗಳು. ಮರಳಿನ ಸಣ್ಣ ಧೂಳು ಕೆಲಸಗಾರರ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತಂದಿತು. ತುರ್ಕಿ ದೇಶದಲ್ಲಿ ಎಷ್ಟೋ ಮಂದಿ ತರುಣರು ಹೀಗೆ ಉಸಿರು ಕಟ್ಟಿ ಸತ್ತರು. 2009ರಲ್ಲಿ ಅಲ್ಲಿಯ ಸರಕಾರವು ಆ ವಿಧಾನವನ್ನು ನಿಷೇಧಿಸಿತು. ಯಾರೋ ಒಬ್ಬಳು ಹತ್ತು ವರ್ಷ ಕಾಯಲಾರದೆ ಹೋದುದಕ್ಕಾಗಿ ಮತ್ತೊಬ್ಬನ ಆಯುಷ್ಯದಲ್ಲಿ ಹತ್ತಾರು ವರ್ಷ ಕಳೆಯಿತು. ಇದಕ್ಕಿಂತ ದುಬಾರಿಯಾದ ಬಟ್ಟೆಯುಂಟೇ?

ಇದು ದೂರದೇಶದ ಮಾತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಬಳ್ಳಾರಿಯು ಜೀನ್ಸ್ ಹೊಲಿಗೆಗೆ ಹೆಸರುವಾಸಿಯಾದ ಊರು. ಎಷ್ಟೋ ಕುಟುಂಬಗಳ ಅನ್ನ ಅದರಲ್ಲಿದೆ. ಬಟ್ಟೆಯನ್ನು ತೊಳೆದು ಮಾಸಲುಗೊಳಿಸುವ ಘಟಕಗಳ ಬಣ್ಣದ ನೀರಿನ ಬಗ್ಗೆ ಅಲ್ಲಿ ಬಹುಕಾಲದಿಂದ ದೂರುಗಳೂ ಇವೆ. ನೀರಿನ ಲೆಕ್ಕವನ್ನು ಲೀವೈ ಕಂಪನಿಯೇ 2015ರಲ್ಲಿ ಪ್ರಕಟಿಸಿತು. ಹತ್ತಿಯನ್ನು ಬೆಳೆಯುವುದರಿಂದ ಹಿಡಿದು ತೊಟ್ಟು ಬಿಸಾಡುವವರೆಗೆ ಒಂದು ಜೀನ್ಸಿಗೆ ಸುಮಾರು 3,781 ಲೀಟರು ನೀರು ಬೇಕಂತೆ. ಅದರಲ್ಲಿ ನೂರಕ್ಕೆ 68 ಪಾಲು ಹತ್ತಿಯ ಹೊಲಕ್ಕೆ, 23 ಪಾಲು ನಮ್ಮ ಮನೆಯ ಒಗೆತಕ್ಕೆ. ಬೇಗ ಬಿಸಾಡಿ ಮತ್ತೊಂದನ್ನು ಕೊಂಡಾಗಲೆಲ್ಲ ಹೊಲದ ಆ ನೀರನ್ನು ಮತ್ತೊಮ್ಮೆ ಸುರಿದಂತಾಗುವುದು.

“ಎಲ್ಲರೂ ಕೊಳ್ಳುವುದನ್ನು ಕಡಮೆ ಮಾಡಿದರೆ ಹೊಲಿಯುವ ಹೆಂಗಸರ ಗತಿಯೇನು?” ಎಂದು ಮೊಮ್ಮಗಳು ನನ್ನನ್ನು ಕೇಳಿದಳು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅವರು ಬಾಯಿಲ್ಲದವರಲ್ಲವೆಂಬುದು 2016ರ ಏಪ್ರಿಲಿನಲ್ಲಿ ಕಂಡುಬಂದಿತು. ಭವಿಷ್ಯನಿಧಿಯ ಹಣವನ್ನು ಪೂರ್ತಿಯಾಗಿ ತೆಗೆದುಕೊಳ್ಳದಂತೆ ತಡೆಯುವ ಹೊಸ ನಿಯಮದ ವಿರುದ್ಧ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ನಿಂತಾಗ ಕೇಂದ್ರ ಸರಕಾರವೇ ಆ ನಿಯಮವನ್ನು ಹಿಂದೆಗೆಯಿತು. ಅವರಿಗೆ ಬೇಕಾದುದು ನಮ್ಮ ಕನಿಕರವಲ್ಲ. ಹೊಲಿದ ಪ್ರತಿಯೊಂದು ಬಟ್ಟೆಗೂ ತಕ್ಕ ಕೂಲಿ. ಅಗ್ಗದ ಬಟ್ಟೆಯನ್ನು ಹೆಚ್ಚು ಹೆಚ್ಚಾಗಿ ಕೊಳ್ಳುವುದರಿಂದ ಕೂಲಿಯು ಏರುವುದಿಲ್ಲ, ಅವಸರ ಏರುವುದು. ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡದ ಗೋಡೆಗಳು ಬಿರುಕುಬಿಟ್ಟಿದ್ದರೂ ಕೆಲಸಕ್ಕೆ ಬರಬೇಕೆಂದು ಒತ್ತಾಯಿಸಿದ್ದರಿಂದ, 2013ರ ಏಪ್ರಿಲ್ 24ರಂದು ಅದು ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿಯೂ ಹೆಂಗಸರೇ ಹೆಚ್ಚು. ಒಂದು ಗಟ್ಟಿ ಬಟ್ಟೆಗೆ ಸರಿಯಾದ ಬೆಲೆಯನ್ನು ಕೊಡುವುದು ನಾಲ್ಕು ಅಗ್ಗದ ಬಟ್ಟೆಗಳನ್ನು ಕೊಳ್ಳುವುದಕ್ಕಿಂತ ಲೇಸೆಂದೇ ನನ್ನ ನಂಬಿಕೆ. ಆ ಬೆಲೆಯು ಹೊಲಿದವಳ ಕೈಯವರೆಗೆ ಮುಟ್ಟುವುದೇ ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಉಂಟು. ಅದನ್ನು ಕೇಳುವುದಕ್ಕೆ ನಾಚಬಾರದು.

ಆದಕಾರಣ ನನ್ನ ತೀರ್ಪು ಇದು. ತಾಯಿತಂದೆಗಳು ಮಗಳ ಉಡುಪು ಯಾವ ದೇಶದ್ದೆಂದು ಕೇಳುವುದನ್ನು ಬಿಡಲಿ. ದುಡಿಯುವವರಿಗೆಂದು ಹುಟ್ಟಿದ ಗಟ್ಟಿ ಬಟ್ಟೆಯು ಸೈಕಲ್ಲಿನಲ್ಲಿ ಹೋಗುವ, ಬಸ್ಸು ಹತ್ತುವ, ಪ್ರಯೋಗಶಾಲೆಯಲ್ಲಿ ನಿಲ್ಲುವ ಹುಡುಗಿಗೆ ಅಯೋಗ್ಯವೆಂದು ನಾನು ಹೇಳಲಾರೆನು. ಹೆಣ್ಣುಮಕ್ಕಳಾದರೋ ಸವೆತವನ್ನು ಹಣಕೊಟ್ಟು ಕೊಳ್ಳುವುದನ್ನು ಬಿಡಲಿ. ಸವೆತವು ನಾವು ಬದುಕಿದ್ದರ ಗುರುತು. ಅದನ್ನು ಬೇರೆಯವರಿಂದ ಮಾಡಿಸಿಕೊಳ್ಳುವುದೆಂದರೆ ಓದದೆ ಪ್ರಶಸ್ತಿಪತ್ರವನ್ನು ಪಡೆದಂತೆ. ಕಡುನೀಲಿಯ ಗಟ್ಟಿ ಬಟ್ಟೆಯನ್ನೇ ಕೊಳ್ಳಿರಿ, ಕೊಳೆಯಾದಾಗ ಮಾತ್ರ ಒಗೆಯಿರಿ, ವರ್ಷಗಟ್ಟಲೆ ತೊಡಿರಿ, ಅದು ತಾನಾಗಿ ಮಾಸಲಿ. ಹರಿದರೆ ರಫು ಮಾಡಿರಿ, ತೇಪೆ ಹಾಕಿರಿ. ತೊಡಲಾಗದಷ್ಟು ಹಳತಾದಾಗ, ನಮ್ಮ ಬಡಗಣ ನಾಡಿನ ತಾಯಂದಿರು ಹಳೆಯ ಸೀರೆಗಳಿಂದ ಕೌದಿ ಹೊಲಿಯುವಂತೆ, ಅದನ್ನು ಮತ್ತೊಂದಾಗಿ ಮಾಡಿರಿ. ಆ ಕೌದಿಯಲ್ಲಿ ಮನೆಯವರೆಲ್ಲರ ವರ್ಷಗಳಿರುತ್ತವೆ. ಅದನ್ನು ಯಾರೂ ಹರಕೆಂದು ಹೀಯಾಳಿಸುವುದಿಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ವಿಶೇಷ ಬಿನ್ನಹ. ನನ್ನ ತರಗತಿಯಲ್ಲಿ ನೀವು ಅತ್ಯಂತ ಬೇಸರದಿಂದ ಮಾಡುತ್ತಿದ್ದ ಪಾಠವು ರಫು ಹಾಕುವುದು. ಹಾಸಿನಂತೆ ಎಳೆಗಳನ್ನು ಎಳೆದು, ಹೊಕ್ಕಿನಂತೆ ಒಂದನ್ನು ಬಿಟ್ಟು ಒಂದನ್ನು ಎತ್ತಿ, ತೂತನ್ನು ಬಟ್ಟೆಯಾಗಿಯೇ ನೇಯುವುದು. ಕಣ್ಣಿಗೆ ಕಾಣುವಂತಿದ್ದರೆ ಬಿಚ್ಚಿಸುತ್ತಿದ್ದೆನೆಂದು ಈಗಲೂ ನಿಮ್ಮಲ್ಲಿ ಕೆಲವರು ನನ್ನನ್ನು ದೂರುವುದುಂಟು. ಆ ವಿದ್ಯೆಯನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕಲಿಸಿರಿ, ಗಂಡುಮಕ್ಕಳಿಗೂ ಕಲಿಸಿರಿ.

ರಜೆ ಮುಗಿಯುವ ಮುನ್ನಿನ ದಿನ ಮೊಮ್ಮಗಳು ನನ್ನ ಹೊಲಿಗೆಯ ಡಬ್ಬಿಯನ್ನು ತೆಗೆದುಕೊಂಡು ಬಂದು, “ಅಜ್ಜೀ, ಇದನ್ನು ಮುಚ್ಚುವುದಕ್ಕೆ ಎಷ್ಟು ಹೊತ್ತು ಬೇಕು?” ಎಂದು ಕೇಳಿದಳು. ಒಂದು ಮೊಣಕಾಲಿಗೆ ಒಂದು ಮಧ್ಯಾಹ್ನ ಬೇಕೆಂದೆನು. ಒಂದು ಮೊಣಕಾಲನ್ನು ನಾನು ಹೇಳಿಕೊಟ್ಟಂತೆ ಅವಳೇ ಮುಗಿಸಿದಳು. ಎಳೆಗಳು ಓರೆಯಾಗಿದ್ದವು, ಕಣ್ಣಿಗೆ ಕಾಣುತ್ತಿದ್ದವು. ಆದರೂ ಈ ಸಾರಿ ನಾನು ಬಿಚ್ಚಿಸಲಿಲ್ಲ. ಇನ್ನೊಂದು ಮೊಣಕಾಲು ಹರಿದಂತೆಯೇ ಬೆಂಗಳೂರಿಗೆ ಹೋಯಿತು. ಅವಳ ತಾಯಿಗೆ ಇನ್ನೂ ಸಮಾಧಾನವಿಲ್ಲ. ಈಸ್ಟರಿಗೆ ಬಂದಾಗ ಅದನ್ನೂ ಮುಗಿಸುವುದಾಗಿ ಹುಡುಗಿ ಮಾತು ಕೊಟ್ಟಿದ್ದಾಳೆ.